ಅಟ್ಟದ ಮೇಲಿನ ಮಾತ್ರೆ

ಕಂದಿಕೆರೆ ಕಡೆಯ ನಮ್ಮೂರಿನ ಕಾಡಸಿದ್ದಪ್ಪ ಕೊಬ್ಬರಿ ಮಾಡುವುದರಲ್ಲಿ ಪಳಗಿದವನು. ಎಪ್ಪತ್ತೆಂಟನೇ ಇಸವಿಯಲ್ಲಿ ಅವನ ಹೆಂಡತಿ ಗುರುಶಾಂತಮ್ಮ ಹೆರಿಗೆಯಾದ ಮೇಲೆ ಮಾತು ಬಿಟ್ಟಳು, ಅನ್ನ ಬಿಟ್ಟಳು, ಮಗುವನ್ನು ಮುಟ್ಟಲೊಲ್ಲಳು. ತಾಯತ ಕಟ್ಟಿಸಿದರೂ ಗುಣವಾಗದೆ ತಿಪಟೂರಿನ ಡಾಕ್ಟರಿಗೆ ತೋರಿಸಿದ.

"ಇದು ಮನಸ್ಸಿನ ಕಾಯಿಲೆ, ವಾಸಿಯಾಗುತ್ತೆ. ಒಂದು ದಿನವೂ ಮಾತ್ರೆ ತಪ್ಪಿಸಬೇಡಪ್ಪ" ಎಂದರು ಅವರು.

ಮನೆಯಲ್ಲಿ ಕಾಡಸಿದ್ದಪ್ಪನ ತಂಗಿಗೆ ಗಂಡು ಗೊತ್ತಾಗಿತ್ತು. ಅತ್ತಿಗೆಗೆ ಹುಚ್ಚು ಎಂದು ಸುದ್ದಿಯಾದರೆ ಸಂಬಂಧ ಮುರಿಯುತ್ತದೆಂದು ಮಾತ್ರೆಗಳನ್ನು ಅಟ್ಟದ ತೆಂಗಿನಕಾಯಿಗಳ ನಡುವೆ ಬಚ್ಚಿಟ್ಟ. ಅಟ್ಟಕ್ಕೇರಿಸಿದ ಕಾಯಿಗಳನ್ನು ನೀರು ಇಂಗಿ ಕೊಬ್ಬರಿಯಾಗುವ ತನಕ, ಹೆಚ್ಚುಕಡಿಮೆ ವರ್ಷವಿಡೀ, ಯಾರೂ ಮುಟ್ಟುವುದಿಲ್ಲ. ಅವನು ಮಾತ್ರ ದಿನಾ ಹತ್ತಿ ಒಂದು ಮಾತ್ರೆ ತರುತ್ತಿದ್ದ.

ಇಪ್ಪತ್ತನೆಯ ದಿನ ಗುರುಶಾಂತಮ್ಮ ಬಾಯಿಬಿಟ್ಟಳು. "ಕೂಸು ಹಾಲು ಕುಡೀತೇನ್ರೀ?" ಕಾಡಸಿದ್ದಪ್ಪ ಅತ್ತೇಬಿಟ್ಟ.

ಆದರೆ ಏಣಿ ದಿನಾ ಅಟ್ಟಕ್ಕೆ ಒರಗಿರುವುದನ್ನು ಪಕ್ಕದ ಮನೆಯ ಬಸವರಾಜಪ್ಪ ಗಮನಿಸಿದ್ದ. "ಏನ್ಲಾ ಸಿದ್ದಾ, ಕಾಯಿಗೆ ಲಾಲಿ ಹಾಡ್ತೀಯೇನ್ಲಾ?" ಎಂದು ನಕ್ಕ. ಅದು ಕಾಡಸಿದ್ದಪ್ಪನ ಅವ್ವನ ಕಿವಿಗೆ ಬಿತ್ತು. ಅವಳು ಗದರಿಸಿ ಕೇಳಿದಾಗ ಅವನು ಮಾತ್ರೆಯ ವಿಷಯ ಹೇಳಿಬಿಟ್ಟ.

"ಮಾತಾಡ್ತಾ ಅವ್ಳಲ್ಲ, ಇನ್ಯಾಕ್ಲಾ ಮಾತ್ರೆ? ಮದ್ವೆ ಆಗೋಗಂಟ ಬುಡು. ತಂಗಿ ಬಾಳು ಹಾಳ್ಮಾಡ್ಬೇಡ" ಎಂದು ಅವ್ವ ಏಣಿಯನ್ನೇ ತೋಟಕ್ಕೆ ಸಾಗಿಸಿದಳು. ಕಾಡಸಿದ್ದಪ್ಪನೂ ಒಪ್ಪಿದ.

ತಿಂಗಳಿಗೆ ಮದುವೆ ಸಾಂಗವಾಗಿ ನಡೆಯಿತು. ಅಷ್ಟರಲ್ಲಿ ಗುರುಶಾಂತಮ್ಮ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಂಗಿಯನ್ನು ಕಳಿಸಿಕೊಟ್ಟವನೇ ಏಣಿ ಹೊತ್ತು ತಂದು ಅಟ್ಟ ಹತ್ತಿ ಮಾತ್ರೆ ತಂದ. ಅವಳು ಹಲ್ಲು ಕಚ್ಚಿದಳು.

"ಒಂದೇ ಒಂದು ನುಂಗೇ, ನಿನ್ನ ಕಾಲಿಗೆ ಬೀಳ್ತೀನಿ."

ಬೆವೆತ ಅಂಗೈಯಲ್ಲಿ ಮಾತ್ರೆ ಕರಗಿ ಹಿಟ್ಟಾಯಿತು. ತೊಟ್ಟಿಲಲ್ಲಿ ಕೂಸು ಕಿರುಚಿ ಅಳುತ್ತಿತ್ತು. ಅವಳು ಅತ್ತ ತಿರುಗಲಿಲ್ಲ.