ಕೋರೆಯ ಅಂಚಿನಲ್ಲಿ ಉಳಿದ ಬಣ್ಣ

ಸಂಜೆ ನಾಲ್ಕೂ ಮುಕ್ಕಾಲಿಗೆ ಅಮ್ಮ ಕಲ್ಲು ಕೊಯ್ದು ಬಿಟ್ಟ ಕೋರೆಯ ಅಂಚಿನಿಂದ ಜಾರಿ ನೀರಿಗೆ ಬಿದ್ದರು.

ಮಳೆ ಇಳಿಯುವ ಹೊತ್ತಿನ ಸೋಣ ತಿಂಗಳು, ಸಿಂಹ ಮಾಸ. ನಮ್ಮ ಬೆಳುವಾಯಿ ಕಡೆ ಈ ತಿಂಗಳಿಡೀ ಹೆಂಗಸರು ಹೊಸ್ತಿಲಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಪೇಟೆಯ ಹೂ ಅಲ್ಲ, ಪದವಿನ ಕಲ್ಲುಬಯಲಿನಲ್ಲಿ ಮಳೆಗೆ ತಾನಾಗಿ ಅರಳುವ ಗೌರಿ ಹೂ. ಒಂದೇ ಜಾತಿಯ ಗಿಡ. ಕೆಲವಕ್ಕೆ ಗುಲಾಬಿ ಬಣ್ಣ, ಕೆಲವಕ್ಕೆ ಬಿಳಿ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಹೂ ಕೊಯ್ಯಲು ಹೋಗುವಾಗ ದಾರಿಯುದ್ದಕ್ಕೂ ಅಮ್ಮನಿಗೆ ಅದನ್ನೇ ಹೇಳುತ್ತಿದ್ದೆ. ಬಣ್ಣ ಕಟ್ಟುವ ವಂಶವಾಹಿ ಕೆಟ್ಟರೆ ಹೂ ಬಿಳಿಯಾಗುತ್ತದೆ. ದುಂಬಿ ಯಾವುದನ್ನು ಮೆಚ್ಚುತ್ತದೋ ಅದಕ್ಕೆ ಬೀಜ ಹೆಚ್ಚು. ಬಿಸಿಲಿಗೆ ತಾಳುವುದೊಂದು, ನೀರಿಗೆ ಒಗ್ಗುವುದೊಂದು.

"ಇಲ್ಲಿ ಇನ್ನೊಂದು ಕಾರಣ ಉಂಟು, ನಿಮ್ಮ ಕೈ. ವರ್ಷವೂ ಬಣ್ಣದ್ದನ್ನೇ ಕೊಯ್ತೀರಿ, ಬೀಜ ಆಗ್ಲಿಕ್ಕೆ ಬಿಳಿ ಮಾತ್ರ ಉಳೀತದೆ" ಎಂದೆ.

"ಓಹೋ! ಹೂ ಬೆಳ್ಳಗಾದದ್ದಕ್ಕೂ ನಾನೇ ಕಾರಣವಾ ಮಾರಾಯ್ತಿ?" ಅಮ್ಮ ನಕ್ಕರು.

ನನ್ನದು ಊಹೆ. ಆದರೆ ಸಮತಟ್ಟಿನಲ್ಲಿ ನಿಜವಾಗಿಯೂ ಬಿಳಿಯೇ ತುಂಬಿತ್ತು. ಯಾರ ಕೈಯೂ ಹೋಗದ ಕೋರೆಯಂಚಿನಲ್ಲಿ ಮಾತ್ರ ಗುಲಾಬಿ ದಟ್ಟವಾಗಿತ್ತು. "ಅಗೋ, ಅಲ್ಲಿ ಉಂಟು" ಎಂದು ಅಮ್ಮ ಅತ್ತ ನಡೆದರು. ಪಾಚಿಗಟ್ಟಿದ ಕಲ್ಲು. ನಾನು ಕೂಗುವಷ್ಟರಲ್ಲಿ ಅವರು ಅಲ್ಲಿರಲಿಲ್ಲ.

ಯಂತ್ರದಿಂದ ಕೊಯ್ದ ಗೋಡೆ, ನೆಟ್ಟಗೆ. ಕೆಳಗೆ ಮಳೆನೀರು. ಅಮ್ಮ ಒಂದು ಬೇರು ಹಿಡಿದಿದ್ದರು. ನನಗೆ ಈಜು ಬರುವುದಿಲ್ಲ. ಮಂಡಿಯೂರಿ ಕೈ ಚಾಚಿದರೆ ಎಟಕಲಿಲ್ಲ. ಕವುಚಿ ಮಲಗಿದರೂ ಎಟಕಲಿಲ್ಲ. ಮತ್ತೆ ಮತ್ತೆ ಚಾಚಿದೆ. ಬೇರೆ ಏನು ಮಾಡಬೇಕೆಂದು ಹೊಳೆಯಲೇ ಇಲ್ಲ.

ಮೀನು ಮಾರಿ ಮನೆಗೆ ಹೊರಟಿದ್ದ ಬ್ಯಾರಿ ಸಾಹೇಬರೊಬ್ಬರು ನನ್ನ ಕೂಗು ಕೇಳಿ ಸ್ಕೂಟರ್ ನಿಲ್ಲಿಸಿ ಓಡಿಬಂದರು. ಮೀನಿನ ಪೆಟ್ಟಿಗೆಗೆ ಕಟ್ಟಿದ ಹಗ್ಗ ಬಿಚ್ಚಿ ಎಸೆದರು. "ಅಮ್ಮ, ಕೈಗೆ ಸುತ್ತಿಕೊಳ್ಳಿ! ಬಿಡ್ಬೇಡಿ!" ಇಬ್ಬರೂ ಎಳೆದೆವು.

ಮೇಲೆ ಬಂದ ಅಮ್ಮ ಕೆಮ್ಮಿ, ಸೆರಗು ಮೂಸಿದರು. "ಇನ್ನು ಹೊಸ್ತಿಲಿಗೂ ಬಂಗುಡೆ ಮೀನಿನ ವಾಸನೆಯೇ."

"ಬಂಗುಡೆ ಅಲ್ಲಮ್ಮ, ಬೂತಾಯಿ" ಎಂದರು ಅವರು. ಹಗ್ಗ ಸುತ್ತಿ ಮತ್ತೆ ಪೆಟ್ಟಿಗೆಗೆ ಕಟ್ಟಿದರು.

ಆಮೇಲೆ ಎಷ್ಟೋ ರಾತ್ರಿ ನನಗೆ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ನನ್ನ ಬೆರಳ ತುದಿಗೂ ಅಮ್ಮನ ಬೆರಳಿಗೂ ನಡುವಿನ ಆ ಅಂತರ. ಎದ್ದು ಟಾರ್ಚ್ ಹಾಕಿ ಅವರ ಉಸಿರು ನೋಡುತ್ತಿದ್ದೆ. ಪಾಪ, ಅವರಿಗೂ ಎಚ್ಚರವಾಗುತ್ತಿತ್ತು.

ಕೊನೆಗೆ ಅಮ್ಮನೇ ಚಾಪೆಯನ್ನು ನನ್ನ ಪಕ್ಕಕ್ಕೆ ಎಳೆದು, ನನ್ನ ಕೈಯನ್ನು ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡರು. "ಏರ್ತದೆ, ಇಳೀತದೆ. ಗೊತ್ತಾಯ್ತಲ್ಲ? ಮಲಗುವ."

ಚೌತಿಯ ರಾತ್ರಿ ಅದು. ಇಬ್ಬರೂ ಬೆಳಗಿನವರೆಗೆ ಏಳಲಿಲ್ಲ.