ಗೋದಲಿಗೆ ರಾಗಿ ಬಿತ್ತಿದ ಮಕ್ಕಳ ಪಟ್ಟಿ

ರಾಗಿ ಮೊಳಕೆಯೊಡೆಯುವಾಗ ಒಂದು ವಾಸನೆ ಬರುತ್ತದೆ. ಹಸಿ ಮಣ್ಣಿನದೂ ಅಲ್ಲ, ಹುಳಿಯದೂ ಅಲ್ಲ, ಎರಡರ ನಡುವಿನದು. ಹೋದ ವಾರ ಮಾಲ್ಟ್ ಮಾಡೋಣವೆಂದು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು ಮರೆತುಬಿಟ್ಟಿದ್ದೆ. ಮೂರನೆಯ ದಿನ ಗಂಟು ಬಿಚ್ಚಿದರೆ ಆ ವಾಸನೆ. ಅಡುಗೆಮನೆ ಕಟ್ಟೆ ಹಿಡಿದುಕೊಂಡು ನಿಂತುಬಿಟ್ಟೆ. ಗಂಡ ಬಂದು, "ಯಾಕೆ, ಬಿಪಿ ಏನಾದ್ರೂ ಏರಿತಾ?" ಎಂದರು. ಹೂಂ, ಇರಬೇಕು ಎಂದೆ. ಹದಿನೈದು ವರ್ಷ ಜೊತೆಯಲ್ಲಿ ಬಾಳಿದವರಿಗೂ ನಾನು ಹೇಳದೆ ಉಳಿಸಿಕೊಂಡಿರುವುದು ಅದೊಂದೇ...

ನೆನಪಾದದ್ದು ನನ್ನ ಜ್ಞಾನತಾಯಿ. ನಮ್ಮ ಕ್ರೈಸ್ತರ ಮನೆಗಳಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸುವ ದಿನ ಹೆತ್ತವರ ಜೊತೆ ಇನ್ನೊಬ್ಬಾಕೆ ಮಗುವನ್ನು ಎತ್ತಿಕೊಂಡು ನಿಲ್ಲುತ್ತಾಳೆ. ಇದರ ಜವಾಬ್ದಾರಿ ನನ್ನದೂ ಹೌದು ಎಂದು ಎಲ್ಲರೆದುರು ಹೇಳುತ್ತಾಳೆ. ಹೆಚ್ಚಿನವರು ಅವತ್ತು ಒಂದು ಫ್ರಾಕು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇವರು ಹಾಗಲ್ಲ. ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯಿಂದ ಮೂರನೆಯ ಬಾಗಿಲು ಅವರದು. ಮನೆಮಾತು ತಮಿಳು. ನನ್ನ ಜಡೆ, ನನ್ನ ಮಗ್ಗಿ, ನನ್ನ ಪಾಪನಿವೇದನೆ ಎಲ್ಲದರ ಮೇಲೂ ಅವರ ಕಣ್ಣಿರುತ್ತಿತ್ತು. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ, ಅವರು ನನ್ನನ್ನು 'ಕಣ್ಣು' ಎನ್ನುತ್ತಿದ್ದರು.

ಪ್ರತಿ ಡಿಸೆಂಬರಿನಲ್ಲಿ ದೊಡ್ಡಮ್ಮನ ಜಗುಲಿಯಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಕ್ರಿಸ್ಮಸ್ಸಿಗೆ ಬಾಲಯೇಸುವನ್ನು ಮಲಗಿಸಲು ಕಟ್ಟುವ ಗೋದಲಿಗೆ ಹಸಿರು ಬೇಕಲ್ಲ, ಅದಕ್ಕೆ ಇಪ್ಪತ್ತು ದಿನ ಮೊದಲು ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ರಾಗಿ ಬಿತ್ತಬೇಕು. ಕ್ವಾರ್ಟರ್ಸಿನ ಸಾಲಿನ ಮಕ್ಕಳೆಲ್ಲ ಬಿತ್ತುತ್ತಿದ್ದೆವು. ಯಾವ ಜಾತಿ, ಯಾವ ಭಾಷೆ ಎಂದು ಕೇಳಿದವರಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚಿಪ್ಪು. ದೊಡ್ಡಮ್ಮ ಗೆರೆ ಹಾಳೆಯಲ್ಲಿ ಮಕ್ಕಳ ಹೆಸರು ಬರೆದು ಗೋಡೆಗೆ ಅಂಟಿಸುತ್ತಿದ್ದರು. ಸಂಜೆ ಬಂದು ನೀರು ಹಾಕಿದವರ ಹೆಸರಿನ ಮುಂದೆ ಒಂದು ಟಿಕ್ಕು. ಆಮೇಲೆ ಪ್ರಾರ್ಥನೆಯಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ಓದಿ, ಇವರಿಗೆಲ್ಲ ಒಳ್ಳೆ ಬುದ್ಧಿ ಕೊಡು, ಪರೀಕ್ಷೆಯಲ್ಲಿ ಪಾಸು ಮಾಡಿಸು ಎನ್ನುತ್ತಿದ್ದರು. ಗಣಿತದಲ್ಲಿ ಡುಮ್ಕಿ ಹೊಡೆದ ಮಕ್ಕಳ ಅಮ್ಮಂದಿರು ತಾವೇ ಬಂದು, ನಮ್ಮವನ ಹೆಸರೂ ಸೇರಿಸಿ, ಸ್ವಲ್ಪ ಜೋರಾಗಿ ಓದಿ ಎಂದು ಹೇಳಿಹೋಗುತ್ತಿದ್ದರು.

ಮದುವೆಯಾಗಿ ನಾನು ಶಿವಮೊಗ್ಗಕ್ಕೆ ಬಂದೆ. ಚರ್ಚಿನ ಹಿಂದಿನ ಓಣಿಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಗಂಟೆ ಹೊಡೆದ ಮೇಲೆ ಹೊರಟರೂ ಪೂಜೆ ಸಿಗುತ್ತದೆ, ಮಕ್ಕಳ ಶಾಲೆ ನಡೆದರೆ ಐದು ನಿಮಿಷ. ಆದರೆ ಆಡಲು ಜಾಗವಿಲ್ಲ. ನನ್ನ ಮಗ ಮೆಟ್ಟಿಲ ಮೇಲೆ ಚೆಂಡು ಪುಟಿಸಿದರೆ ಕೆಳಗಿನವರು ಕೋಲಿನಿಂದ ಸೂರು ಕುಟ್ಟುತ್ತಿದ್ದರು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಮ್ಮವರದ್ದೆಲ್ಲ ಆಗ ಇದೇ ಮಾತು. ಪೇಟೆಯಲ್ಲೇ ಉಳಿದು ಮಕ್ಕಳನ್ನು ನಮ್ಮವರ ನಡುವೆ ಬೆಳೆಸುವುದೋ, ಊರಾಚೆ ಸೈಟು ತೆಗೆದುಕೊಂಡು ಗಾಳಿ ಬೆಳಕಿನಲ್ಲಿ ಬೆಳೆಸುವುದೋ.

ದೊಡ್ಡಮ್ಮನ ಮಗ ಎರಡನೆಯದನ್ನು ಆರಿಸಿಕೊಂಡ. ಮಲವಗೊಪ್ಪ ದಾಟಿ, ಒಂದು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ತಾಯಿಯನ್ನೂ ಕರೆತಂದ. ಸೋಗಾನೆಯಲ್ಲಿ ಏರ್‌ಪೋರ್ಟಿನ ಕೆಲಸ ಇನ್ನೂ ನಡೆಯುತ್ತಿದ್ದ ಕಾಲ, ಆ ಕಡೆ ಎಲ್ಲಿ ನೋಡಿದರೂ ಸೈಟಿನ ಕಲ್ಲುಗಳು. ಅವನ ಮಗಳಿಗೆ ಏಳು ವರ್ಷ. ಅಲ್ಲಿ ಕ್ರೈಸ್ತರ ಮನೆ ಅಂತ ಇದ್ದದ್ದು ಅದೊಂದೇ.

"ಮಕ್ಕಳು ಬೆಳೆಯೋಕೆ ಅಂಗಳ ಬೇಕು ಕಣ್ಣು," ಎಂದು ದೊಡ್ಡಮ್ಮ ನಮ್ಮ ಮನೆಗೆ ಬಂದಾಗಲೆಲ್ಲ ಶುರುಮಾಡುತ್ತಿದ್ದರು. "ಚರ್ಚು ದೂರ ಆದ್ರೇನು? ದೇವರಿಗೇನು ಬಸ್ಸು ಬೇಕಾ? ನಮ್ಮ ಪಾಪು ಅಲ್ಲಿ ಒಂದೇ ಆಗ್ಬಿಟ್ಟಿದೆ. ನೀನು ಬಂದ್ರೆ ಎರಡು ಮನೆ ಆಗ್ತೀವಿ."

ಅವರ ಪಕ್ಕದ ಸೈಟೇ ಖಾಲಿಯಿತ್ತು. ನೋಡಲು ಹೋದ ದಿನ ದೊಡ್ಡಮ್ಮನ ಮನೆಯವರೆಲ್ಲ ಭದ್ರಾವತಿಗೆ ಮದುವೆಗೆ ಹೋಗಿದ್ದರು. ಬಡಾವಣೆ ಸಂಘದ ಕಾರ್ಯದರ್ಶಿ ತಾವೇ ಸೈಟು ತೋರಿಸಿ, ಎಳನೀರು ಕೊಡಿಸಿ, ನನ್ನ ಫೋನ್ ನಂಬರ್ ಬರೆದುಕೊಂಡರು. ತುಂಬಾ ಮರ್ಯಾದಸ್ಥರು. ಹೊರಡುವಾಗ, "ನಿಮ್ಮಲ್ಲಿ ಪ್ರಾರ್ಥನೆ ಮನೇಲೇ ಮಾಡ್ತೀರಾ ಮೇಡಂ?" ಎಂದರು. ದಿನಾ ಸಂಜೆ ಮಾಡ್ತೀವಿ ಸರ್ ಎಂದೆ. "ಎಷ್ಟು ಜನ ಸೇರ್ತೀರಿ?" ಎಂದು ಕೇಳಿದರು. ನಾವು ನಾಲ್ಕೇ ಜನ ಎಂದು ನಕ್ಕೆ. ಅವರು ನಗಲಿಲ್ಲ. ಬಿಸಿಲಿಗೆ ಬೇಸತ್ತಿರಬೇಕು ಅಂದುಕೊಂಡೆ.

ಆ ಡಿಸೆಂಬರಿನಲ್ಲಿ ದೊಡ್ಡಮ್ಮ ಕ್ವಾರ್ಟರ್ಸಿನಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡಿದರು. ಮೊಮ್ಮಗಳ ಕೈಹಿಡಿದುಕೊಂಡು ಮನೆಮನೆಗೆ ಹೋಗಿ ಮಕ್ಕಳನ್ನು ಕರೆದರು. ಒಂಬತ್ತು ಮಕ್ಕಳು ಬಂದರು. ಕಾಂಪೌಂಡ್ ಗೋಡೆಯ ಮೇಲೆ ಚಿಪ್ಪುಗಳ ಸಾಲು, ಗೇಟಿನ ಪಕ್ಕ ಹೆಸರಿನ ಪಟ್ಟಿ, ಮುಂದೆ ಟಿಕ್ಕುಗಳು. ಪಟ್ಟಿಯ ತಲೆಯಲ್ಲೇ ನನ್ನ ಇಬ್ಬರು ಮಕ್ಕಳ ಹೆಸರು. ಹೇಗೂ ಇಲ್ಲಿಗೇ ಬರೋರು ತಾನೆ ಎಂದು ಅವರಿಗೂ ಎರಡು ಚಿಪ್ಪು ಬಿತ್ತಿದ್ದರು.

ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದೆ. ಬಡಾವಣೆಯ ರಸ್ತೆಯಲ್ಲಿ ಮಗ ಓಡಿದ ಓಟ ನೋಡಿ ನನಗೆ ಅಳು ಬಂತು. ಇಲ್ಲಿಗೇ ಬರುವುದು ಎಂದು ಅವತ್ತೇ ನಿರ್ಧಾರ ಮಾಡಿದೆ. ಹೊರಡುವ ಹೊತ್ತಿಗೆ ಸ್ಕೂಟರಿನಲ್ಲಿ ಬಂದ ಒಬ್ಬರು ಗೇಟಿನ ಮುಂದೆ ನಿಲ್ಲಿಸಿ, ಇಳಿಯದೆಯೇ ಫೋನಿನಲ್ಲಿ ಫೋಟೋ ತೆಗೆದರು. "ಪೈರು ಚೆನ್ನಾಗಿ ಬಂದಿದೆ ಅಲ್ವಾ ಸರ್?" ಎಂದೆ ನಾನು, ಪೆದ್ದಿ. ಅವರು ನನ್ನತ್ತ ನೋಡಿದರು, ನನ್ನ ಮಕ್ಕಳತ್ತ ನೋಡಿದರು, ಹೊರಟುಹೋದರು.

ಮಂಗಳವಾರ ಆ ಫೋಟೋ ಯಾರ್‍ಯಾರದೋ ಗುಂಪು ಸುತ್ತಿ ನನ್ನ ಫೋನಿಗೂ ಬಂತು. ಪೈರಿನದಲ್ಲ, ಪಟ್ಟಿಯದು. ದೊಡ್ಡಮ್ಮನ ಗುಂಡನೆಯ ಅಕ್ಷರ, ಸಾಲಾಗಿ ಟಿಕ್ಕುಗಳು. ಕೆಳಗೆ ಯಾರೋ ಬರೆದಿದ್ದರು: ನಮ್ಮ ಬಡಾವಣೆಯ ಮಕ್ಕಳ ಹೆಸರು, ದಿನಾ ಹಾಜರಿ, ಹೆಸರು ಕೂಗಿ ಪ್ರಾರ್ಥನೆ, ಪೋಷಕರೇ ಎಚ್ಚರ. ಮೊದಲೆರಡು ಹೆಸರಿಗೆ ಕೆಂಪು ಸುತ್ತು ಹಾಕಿ, 'ಇವರು ಯಾರು?' ಎಂದು ಕೇಳಿದ್ದರು. ನನ್ನ ಮಕ್ಕಳ ಹೆಸರಿನ ಸುತ್ತ ಆ ಕೆಂಪು ಗೆರೆ ನೋಡಿ ಫೋನನ್ನು ಮಗುಚಿಟ್ಟೆ.

ಆ ಸಂಜೆಯಿಂದ ದೊಡ್ಡಮ್ಮನ ಮನೆಗೆ ಒಂದು ಮಗುವೂ ಬರಲಿಲ್ಲ. ಮೊಮ್ಮಗಳು ಒಬ್ಬಳೇ ಸ್ಟೂಲು ಹಾಕಿಕೊಂಡು ಅಷ್ಟೂ ಚಿಪ್ಪಿಗೆ ನೀರು ಹಾಕಿದಳಂತೆ. ಎದುರು ಮನೆಯ ಅಜ್ಜಿ ಮಾತ್ರ ಬೆಳಿಗ್ಗೆ ಬಂದು, ತಮ್ಮ ಮೊಮ್ಮಗನ ಚಿಪ್ಪಿಗೆ ತಾವೇ ನೀರು ಹಾಕಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದರಂತೆ, ಹಣೆಯ ತುಂಬ ವಿಭೂತಿ. ಇದನ್ನೆಲ್ಲ ದೊಡ್ಡಮ್ಮ ಫೋನಿನಲ್ಲಿ ಹೇಳಿದರು. "ಭಾನುವಾರ ಸಂಘದ ಮೀಟಿಂಗ್ ಇದೆ ಕಣ್ಣು. ನೀನು ಬಂದು ಒಂದ್ ಮಾತು ಹೇಳು. ಇದು ಕ್ವಾರ್ಟರ್ಸಿನ ಪದ್ಧತಿ, ನಾನೂ ಚಿಕ್ಕೋಳಿದ್ದಾಗ ಬಿತ್ತಿದ್ದೆ ಅಂತ. ನಿನ್ನ ಕನ್ನಡ ಚೆನ್ನಾಗಿದೆ. ನಾನು ಗಾಬರೀಲಿ ಬಾಯಿ ತೆಗೆದ್ರೆ ತಮಿಳೇ ಬರುತ್ತೆ."

ಬರ್ತೀನಿ ದೊಡ್ಡಮ್ಮ ಎಂದೆ. ನಿಜವಾಗಿಯೂ ಹೋಗಬೇಕೆಂದೇ ಇದ್ದೆ.

ಶನಿವಾರ ಮಧ್ಯಾಹ್ನ ಕಾರ್ಯದರ್ಶಿಯವರ ಫೋನ್ ಬಂತು. ದನಿಯಲ್ಲಿ ಕೋಪವಿರಲಿಲ್ಲ, ನನ್ನನ್ನು ಹೆದರಿಸಿದ್ದು ಅದೇ.

"ಮೇಡಂ, ಪಟ್ಟೀಲಿ ಮೊದಲೆರಡು ಹೆಸರು ನಮ್ಮ ಬಡಾವಣೆ ಮಕ್ಕಳದ್ದಲ್ಲ. ನಿಮ್ಮ ಮಕ್ಕಳದ್ದಾ?"

"ಅಲ್ಲ ಸರ್. ನಮ್ಮಲ್ಲಿ ಎಲ್ಲರಿಗೂ ಅವೇ ಹೆಸರಿರ್ತವೆ."

"ಆ ಅಜ್ಜಿ ನಿಮಗೆ ಏನಾಗ್ಬೇಕು?"

"ಏನೂ ಇಲ್ಲ ಸರ್. ಚರ್ಚಲ್ಲಿ ನೋಡಿರಬಹುದು ಅಷ್ಟೆ."

"ಸರಿ ಮೇಡಂ," ಎಂದು ಅವರು ಮರ್ಯಾದೆಯಿಂದಲೇ ಫೋನ್ ಇಟ್ಟರು. ಮಕ್ಕಳು ಪಕ್ಕದ ಕೋಣೆಯಲ್ಲಿ ಜಗಳವಾಡುತ್ತಿದ್ದರು. ಅವರ ಹೆಸರು ಹಿಡಿದು ಗದರಲು ಬಾಯಿ ತೆಗೆದವಳು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ದೊಡ್ಡಮ್ಮನಿಗೆ ಫೋನ್ ಮಾಡಿ, ಮಗನಿಗೆ ಜ್ವರ ಎಂದೆ. ಅವರು ಮಾತು ಮುಗಿಸಲೂ ಬಿಡಲಿಲ್ಲ. "ಬರಬೇಡ ಕಣ್ಣು. ಬರಲೇಬೇಡ. ಮಗು ನೋಡ್ಕೋ," ಎಂದು ಇಟ್ಟುಬಿಟ್ಟರು. ನನ್ನ ಸುಳ್ಳು ಗೊತ್ತಾಗಿದೆ, ಸಿಟ್ಟಾಗಿದ್ದಾರೆ ಅಂದುಕೊಂಡೆ. ಸಿಟ್ಟಾಗಿದ್ದಾರಲ್ಲ ಎಂದು ಒಂದು ರೀತಿಯ ಸಮಾಧಾನವೂ ಆಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಸಿಟ್ಟಾದವರ ಎದುರಿಗೆ ಹೋಗಬೇಕಾಗಿಲ್ಲವಲ್ಲ.

ಆ ಮೀಟಿಂಗಿನಲ್ಲಿ ಯಾರೂ ಯಾರ ಮೇಲೂ ಕೈಮಾಡಲಿಲ್ಲ. ಪಟ್ಟಿ ಕಿತ್ತುಹಾಕಿ, ಮಕ್ಕಳನ್ನು ಕರೀಬೇಡಿ, ನೀವೂ ನೆಮ್ಮದಿಯಾಗಿರಿ ಎಂದರಂತೆ. ಕ್ರಿಸ್ಮಸ್ ಪೂಜೆಗೆ ದೊಡ್ಡಮ್ಮ ಮೊಮ್ಮಗಳ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ನಾನು ಹತ್ತಿರ ಹೋಗುವಷ್ಟರಲ್ಲಿ ಎದ್ದು ಹೊರಟರು. ಅವರ ಮನೆಯ ಮುಂದೆ ದಿನಕ್ಕೆ ಎರಡು ಸಲ ಒಂದು ಬೈಕು ಬಂದು ನಿಂತು ಹೋಗುತ್ತಿತ್ತಂತೆ, ಏನೂ ಕೇಳದೆ, ಏನೂ ಹೇಳದೆ. ಈಸ್ಟರ್ ಹೊತ್ತಿಗೆ ಮನೆ ಬಾಡಿಗೆಗೆ ಕೊಟ್ಟು ಎಲ್ಲರೂ ದೊಡ್ಡಮ್ಮನ ತಮ್ಮನಿದ್ದ ಕೆಜಿಎಫ್‌ಗೆ ಹೋದರು. ನಮಗೆ ಪೇಟೆಯೇ ಸರಿ, ಶಾಲೆ ಹತ್ತಿರ ಎಂದು ನಾನು ಗಂಡನಿಗೆ ಹೇಳಿದೆ. ಆ ಸೈಟಿನ ಮಾತು ಅಲ್ಲಿಗೆ ನಿಂತಿತು.

ಹೋದ ವರ್ಷ ಅವರ ಮಗ ಫೋನ್ ಮಾಡಿದ. ದೊಡ್ಡಮ್ಮ ತೀರಿಕೊಂಡಿದ್ದರು, ಮಣ್ಣು ಮಾಡಿ ಆಗಲೇ ಎರಡು ದಿನವಾಗಿತ್ತು. ಅತ್ತು ಮುಗಿಸಿ, ಕೊನೆಗೆ ಅವನೇ ಆ ಶನಿವಾರದ ಮಾತು ತೆಗೆದ.

"ಬೆಳಿಗ್ಗೆ ನಾಲ್ಕು ಜನ ಮನೆಗೇ ಬಂದಿದ್ರು ಅಕ್ಕ, ಮೊದಲೆರಡು ಹೆಸರು ಯಾರದ್ದು ಅಂತ ಕೇಳ್ಕೊಂಡು. ಎಷ್ಟು ಕೇಳಿದ್ರೂ ಅಮ್ಮ ಬಾಯಿ ಬಿಡ್ಲಿಲ್ಲ. ಯಾರೋ ಗೊತ್ತಿಲ್ಲ, ಸುಮ್ನೆ ಬರೆದೆ ಅಂದ್ರು. ನಾನೇ ಬೈದೆ, ಅಕ್ಕನ್ನ ಕರೆಸಿದ್ರೆ ಮುಗೀತಿತ್ತಲ್ಲ ಅಂತ. ಅವಳ ಮಕ್ಕಳು ಚಿಕ್ಕೋರು, ಅವಳ ಹೆಸರು ಎತ್ತಿದ್ರೆ ನೋಡು ಅಂದ್ಬಿಟ್ರು."

ಅವರು ನನ್ನನ್ನು ಗೊತ್ತಿಲ್ಲ ಎಂದದ್ದು ಬೆಳಿಗ್ಗೆ. ನಾನು ಅವರನ್ನು ಗೊತ್ತಿಲ್ಲ ಎಂದದ್ದು ಮಧ್ಯಾಹ್ನ. ನನ್ನದನ್ನು ಅವನಿಗೆ ಆಗಲೂ ಹೇಳಲಿಲ್ಲ, ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ... ಪಾಪನಿವೇದನೆಯಲ್ಲಿ ಫಾದರಿಗೂ ಕೂಡ.

ಈಗ ಏರ್‌ಪೋರ್ಟ್ ಆಗಿದೆ, ಆ ಕಡೆ ಮನೆಗಳು ದಟ್ಟವಾಗಿವೆ. ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿಗೆ ಹೊಸದಾಗಿ ಬರುತ್ತಿರುವ ಒಬ್ಬ ಹುಡುಗಿ, ಕಂಕುಳಲ್ಲಿ ಮಗು, ನನ್ನನ್ನು ಹುಡುಕಿಕೊಂಡು ಬಂದಳು. ಅದೇ ಬಡಾವಣೆಯಲ್ಲಿ ಮನೆ ತೆಗೆದುಕೊಳ್ಳುತ್ತಿದ್ದಾರೆ. ಮಗುವಿಗೆ ಓಡಾಡಲು ಜಾಗ ಬೇಕಂತೆ.

"ನೀವೂ ಹಿಂದೆ ಅಲ್ಲಿ ಸೈಟು ನೋಡಿದ್ರಂತಲ್ಲ ಅಕ್ಕ? ಜನ ಹೇಗೆ? ನಮ್ಮೋರು ಯಾರಾದ್ರೂ ಮೊದ್ಲು ಅಲ್ಲಿದ್ರಾ?"

ಹೇಳಬೇಕೆಂದು ಬಾಯಿ ತೆಗೆದೆ. ನನ್ನ ಸುತ್ತ ಚರ್ಚಿನ ಅರ್ಧ ಜನ ನಿಂತಿದ್ದರು, ಗಂಡ ಪಕ್ಕದಲ್ಲೇ ಇದ್ದರು.

"ಇಲ್ಲಮ್ಮ," ಎಂದೆ. "ನಂಗೆ ಗೊತ್ತಿರೋ ಹಾಗೆ ಯಾರೂ ಇರ್ಲಿಲ್ಲ."

"ಹಾಗಾದ್ರೆ ನಾವೇ ಮೊದಲನೇ ಮನೆ," ಎಂದು ಅವಳು ನಕ್ಕು, ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು.