ಈಳಿಗೆ ಹಿಡಿದು ಎದ್ದ ಅಣ್ಣ

ತುರ್ತು ನಂಬರಿಗೆ ಫೋನ್ ಮಾಡಿದಾಗ ನಾನು ಸುಳ್ಳು ಹೇಳಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲುವುದಿಲ್ಲ.

ಅಣ್ಣ ಮೆಲ್ಬರ್ನ್‌ನಲ್ಲಿ ಕೆಲಸ ಕಳೆದುಕೊಂಡು ಸಿಡ್ನಿಯ ನನ್ನ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಎನ್ನುತ್ತಿದ್ದ. ಡಾಕ್ಟರ್ ಕೊಟ್ಟ ಮಾತ್ರೆ ನುಂಗುತ್ತಿರಲಿಲ್ಲ. ವಿಷಯ ನಮ್ಮವರ ಯಾವ ಆಂಟಿಯ ಕಿವಿಗೂ ಬೀಳದಂತೆ ನೋಡಿಕೊಂಡೆ. ಮರ್ಯಾದೆ ಪ್ರಶ್ನೆ! ಆ ಮರ್ಯಾದೆಗಿಷ್ಟು ಬೆಂಕಿ ಹಾಕ.

ಅಮೆರಿಕದ ಪೊಲೀಸರು ಕಪ್ಪು ಮನುಷ್ಯನೊಬ್ಬನಿಗೆ ಗುಂಡಿಟ್ಟ ಸುದ್ದಿ ಟಿವಿಯಲ್ಲಿ ಬಂದಾಗಲೆಲ್ಲ ಅಣ್ಣ ಕುರ್ಚಿಯ ತುದಿಗೆ ಬಂದು ಕೂರುತ್ತಿದ್ದ.

“ನಾವೂ ಕರ್ರಗ ಅದೇವಲ್ಲ ತಂಗಿ.”

“ಇದು ಅಮೆರಿಕಾ ಅಲ್ಲೋ ಮಾರಾಯಾ. ನಮಗ ಪಿಆರ್ ಐತಿ, ಟ್ಯಾಕ್ಸ್ ಕಟ್ತೇವಿ. ನಮ್ಮನ್ನ ಯಾರು ಏನ್ ಮಾಡ್ತಾರ?” ಎಂದು ನಗುತ್ತಿದ್ದೆ. ಈ ದೇಶದಲ್ಲಿ ಕಾಯಂ ಇರಲು ಕೊಡುವ ಆ ಪಿಆರ್ ಎಂದರೆ ಮೈಬಣ್ಣ ತೊಳೆಯುವ ಸೋಪು ಅಂದುಕೊಂಡಿದ್ದೆನೋ ಏನೋ. ಈ ನೆಲದ ಮೂಲನಿವಾಸಿಗಳನ್ನು ಕೇಳಿದ್ದರೆ ಪೊಲೀಸರ ಕೈಯಲ್ಲಿ ಸತ್ತ ತಮ್ಮವರ ಕತೆ ಹೇಳುತ್ತಿದ್ದರು. ನಾನು ಯಾರನ್ನೂ ಕೇಳಲಿಲ್ಲ.

ಆ ಶನಿವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಣ್ಣ ಅಡುಗೆಮನೆಯ ನೆಲದ ಮೇಲೆ, ಅವ್ವ ಧಾರವಾಡದಿಂದ ಸೂಟ್‌ಕೇಸಿನಲ್ಲಿಟ್ಟು ತಂದುಕೊಟ್ಟಿದ್ದ ಈಳಿಗೆಯ ಮುಂದೆ ಕೂತಿದ್ದ. ಟೂಂಗಾಬಿಯ ಇಂಡಿಯನ್ ಅಂಗಡಿಯಿಂದ ತಂದ ಒಂದು ವಾರದ ತರಕಾರಿ ಅಷ್ಟೂ ಹೆಚ್ಚಿ ಸುತ್ತ ಗುಡ್ಡೆ ಹಾಕಿದ್ದ. ಬೆರಳಲ್ಲಿ ರಕ್ತ.

“ಏನ್ ಮಾಡಾಕತ್ತೀಯೋ ಅಣ್ಣಾ?”

“ಮಂದಿ ಬರಾವ್ರದಾರ ಊಟಕ್ಕ. ನೀ ದೂರ ಸರಿ.”

ನಾನು ಹತ್ತಿರ ಹೋದಷ್ಟೂ ಕೂಗಾಡಿದ. ಹೊರಗೆ ಬಂದು ಫೋನ್ ಮಾಡಿದೆ. ನನಗೆ ಬೇಕಾಗಿದ್ದದ್ದು ಆಂಬುಲೆನ್ಸ್, ಅಷ್ಟೇ. ಆದರೆ ನಮ್ಮೂರಲ್ಲಿ ನಾನು ಕಲಿತ ಪಾಠ ಒಂದೇ: ಉಪ್ಪು ಖಾರ ಹಚ್ಚಿ ಹೇಳದಿದ್ದರೆ ಯಾರೂ ಬರುವುದಿಲ್ಲ. ಅಪ್ಪನಿಗೆ ಎದೆನೋವು ಬಂದಾಗ ಅವ್ವ ಫೋನಿನಲ್ಲಿ “ಜೀವ ಹೋಗೇಬಿಟ್ಟೈತಿ” ಎಂದು ಕೂಗಿದ್ದಕ್ಕೇ ಗಾಡಿ ಬಂದಿತ್ತು. ಅವನ ಕೈಯಲ್ಲಿ ಆಯುಧ ಇದೆಯೇ ಎಂದು ನನ್ನ ಫೋನ್ ಎತ್ತಿದ ಹೆಂಗಸು ಕೇಳಿದಳು. ಇದೆ, ದೊಡ್ಡ ಚಾಕು, ನನ್ನನ್ನು ಕೊಲ್ಲುತ್ತಾನೆ, ಬೇಗ ಬನ್ನಿ ಎಂದೆ.

ಮೂವರು ಪೊಲೀಸರು ಬಂದರು. ಅವನಿಗೆ ಹುಷಾರಿಲ್ಲ ಅಷ್ಟೇ ಎಂದು ಇಂಗ್ಲಿಷಿನಲ್ಲಿ ತೊದಲಿದೆ. ಒಬ್ಬ ನನ್ನ ರಟ್ಟೆ ಹಿಡಿದು ಬಾಗಿಲಾಚೆ ಎಳೆದ. ಅಲ್ಲಿಂದ ಅಣ್ಣ ಕಾಣುತ್ತಿದ್ದ. ಬಂದವರನ್ನು ನೋಡಿ ಅವನ ಮುಖ ಅರಳಿತು.

“ನೋಡು, ಬಂದ್ರು! ನಾ ಹೇಳಿದ್ದಿಲ್ಲ?”

ಅವನು ಎದ್ದ. ಈಳಿಗೆಯ ಮುಂದಿನಿಂದ ಏಳುವಾಗ ಅದನ್ನು ನೆಲದ ಮೇಲೆ ಹಾಗೇ ಬಿಡಬಾರದು, ಯಾರಾದರೂ ತುಳಿದಾರು, ಎತ್ತಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಇಡಬೇಕು. ಅವ್ವ ನಮ್ಮಿಬ್ಬರಿಗೂ ಬೈದು ಬೈದು ಕಲಿಸಿದ್ದು ಅದು. ತಲೆ ಅಷ್ಟು ಕೆಟ್ಟಿದ್ದರೂ ಅದೊಂದನ್ನು ಅವನು ಮರೆತಿರಲಿಲ್ಲ. ಮಣೆ ಹಿಡಿದು ಎತ್ತಿದ. ಮೂಲೆ ಇದ್ದದ್ದು ಅವರು ನಿಂತ ಕಡೆಗೆ.

“ಡ್ರಾಪ್ ಇಟ್!” ಎಂದು ಇಬ್ಬರು ಒಟ್ಟಿಗೆ ಕೂಗಿದರು. ಅವನು ಎರಡು ಹೆಜ್ಜೆ ಇಟ್ಟ.

ಮೂರು ಸಲ ಗುಂಡು ಹೊಡೆದರು. ಹೆಚ್ಚಿದ ಸೌತೆಕಾಯಿಯ ಮೇಲೆ ಬಿದ್ದ. ಬಿಳಿಯರ ಮನೆಯಾಗಿದ್ದರೆ ಇನ್ನೊಂದು ನಿಮಿಷ ಕಾಯುತ್ತಿದ್ದರೇ? ಕಾಯುತ್ತಿದ್ದರು ಎಂದೇ ನನ್ನ ಒಳಮನಸ್ಸು ಹೇಳುತ್ತದೆ. ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ. ಅವರ ಬಳಿ ಮಾತ್ರ ನನ್ನ ಧ್ವನಿ ಇತ್ತು.

ಸಾವಿನ ವಿಚಾರಣೆಯಲ್ಲಿ ಆ ರೆಕಾರ್ಡಿಂಗ್ ಹಾಕಿದರು. ಕೊಲ್ಲುತ್ತಾನೆ, ಬೇಗ ಬನ್ನಿ. ಅಣ್ಣ ಎಂದಾದರೂ ನಿಮ್ಮ ಮೇಲೆ ಕೈ ಎತ್ತಿದ್ದನೇ ಎಂದು ಪೊಲೀಸರ ಪರ ವಕೀಲೆ ಮೆತ್ತಗೆ ಕೇಳಿದಳು.

“ಇಲ್ಲ. ಒಮ್ಮೆಯೂ ಇಲ್ಲ.”

“ಹಾಗಾದರೆ ಯಾಕೆ ಹಾಗೆ ಹೇಳಿದಿರಿ?”

ಯಾರಾದರೂ ಬೇಗ ಬರಲಿ ಅಂತ, ಎಂದೆ.

ಬೇಗ ಬಂದಿದ್ದರು. ಏಳೇ ನಿಮಿಷದಲ್ಲಿ.